ಕಾಗದದ ಮಾಡು

ನಮ್ಮ ಮನೆಗೆ ಕೇರಿಯಲ್ಲಿ ‘ಕಾಗದದ ಮಾಡಿನ ಮನೆ’ ಎಂಬ ಹೆಸರಿದೆ. (ಮಾಡೆಂದರೆ ಛಾವಣಿ; ಘಟ್ಟದ ಮೇಲಿನಿಂದ ಬಂದ ಸಹಪಾಠಿಗಳಿಗಾಗಿ ಹೇಳಿದೆ.) ಹೆಸರು ಕೇಳಿ ನೋಡಲು ಬಂದವರಿಗೆ ನಿರಾಶೆಯಾದೀತು. ಕುಂದಾಪುರದ ಕಡೆಯ ಹಳೆಯ ಮನೆಗಳಂತೆ ನಮ್ಮದೂ ಮಂಗಳೂರು ಹಂಚಿನದೇ. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿಯ ಹುಲ್ಲುಮಾಡುಗಳು ಒಂದೊಂದಾಗಿ ಕೆಂಪಾದುವಷ್ಟೆ. ನಮ್ಮದರ ಸರದಿ ಮುತ್ತಜ್ಜನ ಕಾಲಕ್ಕೆ ಬಂದಿತು. ಕಾಗದದ ಹೆಸರನ್ನಿಟ್ಟವರು ಮಾತ್ರ ನಮ್ಮ ಅಜ್ಜಿ.

2021ರ ಏಪ್ರಿಲಿನಲ್ಲಿ ಅಪ್ಪಯ್ಯ ಮನೆಯ ಮೇಲೆ ಸಾಲ ತೆಗೆದರು. ಮನೆಗೊಂದು ವಿಮೆಯಾಗಬೇಕೆಂದರು ಬ್ಯಾಂಕಿನವರು. ‘ಭಾರತ್ ಗೃಹ ರಕ್ಷಾ’ ಎಂಬ ಪಾಲಿಸಿ ಆ ತಿಂಗಳ 1ನೆಯ ತಾರೀಖಿನಿಂದಷ್ಟೇ ದೇಶದಲ್ಲೆಲ್ಲ ಜಾರಿಗೆ ಬಂದಿದ್ದಿತು. ಅಪ್ಪಯ್ಯ ಅರ್ಜಿಯಲ್ಲಿ ಹಿತ್ತಿಲಿನ ಬೆಲೆಯನ್ನೂ ಸೇರಿಸಹೊರಟರು. ನೆಲವನ್ನು ಗಾಳಿ ಹೊತ್ತೊಯ್ಯುವುದಿಲ್ಲವೆಂದು ಗುಮಾಸ್ತರು ನಕ್ಕು, ಮನೆಯ ಒಳವಿಸ್ತೀರ್ಣವನ್ನು ಕೇಳಿ, ಹೊಸದಾಗಿ ಕಟ್ಟಲು ಚದರಡಿಗೆ ತಗಲುವ ಖರ್ಚಿನಿಂದ ಗುಣಿಸಿ ಮೊತ್ತ ಬರೆದರು. ಮಾಡಿಗೆಂದು ಬೇರೆ ಲೆಕ್ಕವಿಲ್ಲ. ಗೋಡೆ ಬಾಗಿಲುಗಳೊಡನೆ ಅದೂ ಸೇರಿತು. ಏಣಿ ಹತ್ತಿ ಯಾರೂ ನೋಡಲಿಲ್ಲ. “ಹಂಚು ಸರಿಮಾಡಿಸುವುದು ಬಿಟ್ಟು ಮಾಡಿಗೆ ಕಾಗದ ಹೊದಿಸಿದನಲ್ಲ ನನ್ನ ಮಗ!” ಎಂದರು ಅಜ್ಜಿ.

ಆ ಮಾತಿನ ಅರ್ಧ ನನಗೆ ಸಲ್ಲತಕ್ಕದ್ದು. ಚಾವಡಿಯ ಮೂಲೆಯಲ್ಲಿ ಒಡೆದ ಹಂಚೊಂದು ಮೂರು ಮಳೆಗಾಲದಿಂದ ಸೋರುತ್ತಿದ್ದಿತು. ಹತ್ತಿ ಬದಲಾಯಿಸೆಂದು ಪ್ರತಿ ಬೇಸಗೆಯಲ್ಲಿಯೂ ನನಗೆ ಆಜ್ಞೆಯಾಗುತ್ತಿದ್ದಿತು. ನಾನು ಹತ್ತಿದ್ದೂ ಉಂಟು, ಅಟ್ಟಕ್ಕೆ. ಸೋರುವ ಕಡೆ ಒಂದು ಬಾಲ್ದಿಯನ್ನಿಟ್ಟು ಇಳಿದುಬಂದೆ. ಬಾಲ್ದಿಗೆ ಬೀಳದ ನೀರನ್ನು ಪಕ್ಕಾಸು ಕುಡಿಯಿತು. ನೀರು ಕುಡಿದ ಮರವನ್ನು ಗೆದ್ದಲು ತಿಂದಿತು.

ಮೇ ತಿಂಗಳ ನಡುವೆ ತೌಕ್ತೆ ಚಂಡಮಾರುತ ನಮ್ಮ ಕಡಲಲ್ಲಿ ಹಾದುಹೋಯಿತು. ಆ ರಾತ್ರಿ ಅಡುಗೆಮನೆಯ ಮೇಲೆ ತೆಂಗಿನ ಮರ ಬಿದ್ದಿತು; ಚಾವಡಿಯ ಹಂಚುಗಳು ಅಂಗಳದ ಪಾಲಾದುವು; ಮೂಲೆಯ ಪಕ್ಕಾಸು ಎರಡು ತುಂಡಾಯಿತು. ಬೆಳಗಾಗುವವರೆಗೆ ಅಜ್ಜಿಯನ್ನು ಭತ್ತದ ಕಣಜದ ಪಕ್ಕದಲ್ಲಿ ಕೂರಿಸಿ ಮೇಲೆ ತಾಡಪಾಲು ಹಿಡಿದು ನಿಂತಿದ್ದೆವು.

ಕೊರೋನಾದ ಕಾಲ. ವಿಮೆಯ ಸರ್ವೇಯರು ಮೂಗುಬಾಯಿ ಮುಚ್ಚಿಕೊಂಡು ಬಂದರು. ಅಡುಗೆಮನೆಯ ವಿಷಯದಲ್ಲಿ ತಕರಾರೇ ಇಲ್ಲ: ಹಂಚು, ರೀಪು, ಪಕ್ಕಾಸು, ಆಳಿನ ಕೂಲಿ ಎಲ್ಲ ಬರುವುದೆಂದರು. ಮುತ್ತಜ್ಜನ ಹಂಚಿಗೆ ಮುತ್ತಜ್ಜನ ಕಾಲದ ಬೆಲೆ ಕೊಟ್ಟಾರೆಂದು ಅಪ್ಪಯ್ಯನಿಗೆ ಭಯವಿತ್ತು. “ಈ ಪಾಲಿಸಿಯಲ್ಲಿ ಹಳತೆಂದು ಸವಕಳಿ ಕಳೆಯುವುದಿಲ್ಲ. ಈಗ ಹೊಸದಾಗಿ ಹೊದಿಸಲು ಎಷ್ಟಾಗುತ್ತದೋ ಅಷ್ಟು.” ಚಿಕ್ಕಪ್ಪನ ಮುಖ ಅರಳಿತು. “ಹಾಗಾದರೆ ಟೆರೇಸೇ ಹಾಕಿಸಿಬಿಡೋಣ!” “ಹಾಕಿಸಿರಿ. ಹಂಚಿನ ಮಾಡಿಗಾಗುವಷ್ಟು ವಿಮೆಯದು, ಮಿಕ್ಕದ್ದು ನಿಮ್ಮದು.” ಚಿಕ್ಕಪ್ಪ ಹಂಚನ್ನೇ ಹೊಗಳತೊಡಗಿದರು.

ಬಳಿಕ ಚಾವಡಿ. ಸರ್ವೇಯರು ಅಟ್ಟ ಹತ್ತಿ, ಕಿಸೆಯಿಂದ ಚಾಕು ತೆಗೆದು, ಮುರಿದ ಪಕ್ಕಾಸಿಗೆ ಚುಚ್ಚಿದರು. ಹಿಡಿ ತುಂಬ ಹುಡಿ ಉದುರಿತು. “ಇದು ಆ ರಾತ್ರಿಯೇ ಹಾಳಾದದ್ದೋ?” ಅಪ್ಪಯ್ಯ ನನ್ನ ಮುಖ ನೋಡಿದರು. ನಾನು ಬಾಲ್ದಿಯನ್ನು ನೋಡಿದೆ. ಅಷ್ಟೊಂದು ಗಾಳಿಗೂ ಅದು ಇಟ್ಟಲ್ಲಿಯೇ ಇದ್ದಿತು. ಅಪ್ಪಯ್ಯ ‘ಹೌದು’ ಎನ್ನುವುದಕ್ಕೆ ಬಾಯಿ ತೆರೆದಿದ್ದರೆಂದೇ ನನ್ನ ನಂಬಿಕೆ. ಅಷ್ಟರಲ್ಲಿ ಕೆಳಗಿನಿಂದ ಅಜ್ಜಿ, “ಅದಾ? ಅದು ಮೂರು ಮಳೆಗಾಲದಿಂದಲೂ ಹಾಗೆಯೇ ಇದೆಯಲ್ಲ!” ಎಂದು ಕೂಗಿದರು.

ಸರ್ವೇಯರು ಬರೆದುಕೊಂಡರು. ಹಾರಿದ ಹಂಚುಗಳಿಗೆ ಹಣ ಬರುವುದು, ಏಕೆಂದರೆ ಅವನ್ನು ಹಾರಿಸಿದ್ದು ಗಾಳಿ. ಆ ಮೂಲೆಯ ಪಕ್ಕಾಸು ರೀಪುಗಳಿಗೆ ಇಲ್ಲ. “ಗಾಳಿಯದು ಒಂದು ರಾತ್ರಿಯ ಕೆಲಸ, ಗೆದ್ದಲಿನದು ಮೂರು ವರ್ಷದ್ದು. ವಿಮೆ ಇರುವುದು ಗಾಳಿಗೆ,” ಎಂದು ಅವರು ಸ್ವಲ್ಪ ಮರುಕದಿಂದಲೇ ಹೇಳಿದರು.

ಅಪ್ಪಯ್ಯ ಎರಡು ದಿನ ತಾಯಿಯೊಡನೆ ಮಾತಾಡಲಿಲ್ಲ. ಮರದ ಖರ್ಚಿಗೆ ನನ್ನ ಸೈಕಲ್ಲಿಗೆಂದು ಕೂಡಿಟ್ಟಿದ್ದ ದುಡ್ಡು ಹೋಯಿತು. ಬೇಡವೆನ್ನುವ ಮುಖ ನನಗಿರಲಿಲ್ಲ. ಮೂರನೆಯ ದಿನ ಅಪ್ಪಯ್ಯ ಕನ್ನಡಕ ಹಾಕಿಕೊಂಡು, ಮೊದಲ ಬಾರಿಗೆ, ಪಾಲಿಸಿಯನ್ನು ಪೂರ್ತಿ ಓದಿದರು. ಒಂದು ಕಡೆ ಬೆರಳು ನಿಂತಿತು: ಸುಳ್ಳು ಹೇಳಿ ಹಣ ಕೇಳಿದರೆ ಪರಿಹಾರದ ಹಕ್ಕೇ ಹೋಗುವುದು. ಆ ‘ಹೌದು’ ಬಾಯಿಂದ ಹೊರಬಿದ್ದಿದ್ದರೆ ಅಡುಗೆಮನೆಯ ಹಣಕ್ಕೂ ಸಂಚಕಾರ ಬರುತ್ತಿದ್ದಿತು. ಅದನ್ನು ಅವರು ಅಜ್ಜಿಗೆ ಕೇಳುವಂತೆ ಗಟ್ಟಿಯಾಗಿ ಓದಿದರು. ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತಾ, “ಕಾಗದದಲ್ಲಿ ಅದನ್ನೂ ಬರೆದಿದ್ದಾರೆಯೇ?” ಎಂದರು.

ಈಗ ಮೇ ತಿಂಗಳು ಬಂದಿತೆಂದರೆ ಮಾಡು ಹತ್ತುವವನು ನಾನು, ಏಣಿ ಹಿಡಿಯುವವರು ಅಪ್ಪಯ್ಯ. ಕಾಲೇಜಿಗೆ ಇನ್ನೂ ನಡೆದೇ ಬರುತ್ತೇನೆ. ಬಾಲ್ದಿಯನ್ನು ಅಜ್ಜಿ ದನಕ್ಕೆ ಅಕ್ಕಚ್ಚು ಇಡುವುದಕ್ಕೆ ತೆಗೆದುಕೊಂಡಿದ್ದಾರೆ.