ಕನ್ನಡಕ್ಕೊಂದು ದಾರಿ, ಉರ್ದುವಿಗೊಂದು ದಾರಿ

ಕನ್ನಡದಲ್ಲಿ ಕತೆ ಬರೆಯುವಾಗ ಅಮ್ಮಿಯ ಮಾತೊಂದನ್ನು ಉರ್ದು ಲಿಪಿಯಲ್ಲೇ ಬರೆಯಬೇಕೆಂದು ನಮಗೆ ಅನಿಸುವುದುಂಟು. ಕಾಗದದ ಮೇಲೆ ಇದು ಸುಲಭ. ಲೇಖನಿಯನ್ನು ಎತ್ತಿ ಬಲಗಡೆ ಇಟ್ಟರಾಯಿತು. ಕಂಪ್ಯೂಟರ್ ಮುಂದೆ ಕೂತ ನಮ್ಮ ಮಕ್ಕಳು ಮಾತ್ರ ಈ ತಾಪತ್ರಯವೇ ಬೇಡವೆಂದು ಮನೆಮಾತನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಮುಗಿಸುತ್ತಾರೆ. ಹೀಗೆಯೇ ಒಂದು ಲಿಪಿ ಮನೆಯಿಂದ ಹೊರಟುಹೋಗುತ್ತದೆ.

ಪ್ರೋಗ್ರಾಂ ಬರೆಯುವವರು ಬಳಸುವ ಗ್ನೂ ಈಮ್ಯಾಕ್ಸ್ ಎಂಬ ಎಡಿಟರ್ ಇಲ್ಲಿ ನೆರವಿಗೆ ಬರುತ್ತದೆ. ರಿಚರ್ಡ್ ಸ್ಟಾಲ್‌ಮನ್ ಅದನ್ನು 1985ರಲ್ಲಿ ಹೊರತಂದರು. ಬಲದಿಂದ ಎಡಕ್ಕೆ ಸಾಗುವ ಲಿಪಿಗಳಿಗೆ ಅದರಲ್ಲಿ ಜಾಗ ಸಿಕ್ಕಿದ್ದು 2012ರಲ್ಲಿ, 24ನೇ ಆವೃತ್ತಿಯಲ್ಲಿ. ಅದನ್ನು ಹಣ ಕೊಡದೆ ಪಡೆಯಬಹುದು, ತಿದ್ದಬಹುದು, ಹಂಚಬಹುದು.

ಹೊಸಬರು ಹೆದರುವುದು ಅದರ ‘ಇನಿಟ್ ಡಾಟ್ ಇಎಲ್’ ಎಂಬ ಕಡತಕ್ಕೆ. ಅದು ಬರೀ ಅಕ್ಷರಗಳ ಕಡತ. ಎಡಿಟರ್ ತೆರೆದಾಗಲೆಲ್ಲ ಅದನ್ನು ಓದಿಕೊಂಡು ನಮ್ಮ ಇಷ್ಟದಂತೆ ಅಣಿಯಾಗುತ್ತದೆ. ಬೇರೆಯವರ ನೂರಾರು ಸಾಲುಗಳನ್ನು ನಕಲು ಮಾಡುವ ಬದಲು ಒಂದೇ ಸಾಲಿನಿಂದ ಆರಂಭಿಸುವುದು ಮೇಲು. ‘ಡೀಫಾಲ್ಟ್ ಇನ್‌ಪುಟ್ ಮೆಥಡ್’ ಎಂಬುದಕ್ಕೆ ‘ಕನ್ನಡ ಐಟ್ರಾನ್ಸ್’ ಎಂದು ಆ ಸಾಲಿನಲ್ಲಿ ಹೇಳಿದರೆ, ಕಂಟ್ರೋಲ್ ಕೀಲಿಯೊಂದಿಗೆ ಬ್ಯಾಕ್‌ಸ್ಲ್ಯಾಶ್ ಒತ್ತಿದ ಕೂಡಲೇ ಉಚ್ಚಾರಣೆಯಂತೆ ಕನ್ನಡ ಮೂಡುತ್ತದೆ. ಮತ್ತೊಮ್ಮೆ ಒತ್ತಿದರೆ ಇಂಗ್ಲಿಷ್. ಉರ್ದುವಿಗೆ ಕಂಪ್ಯೂಟರಿನ ಉರ್ದು ಕೀಲಿಮಣೆಯೇ ಸಾಕು.

ಅರ್ಧವಿರಾಮ ಚಿಹ್ನೆಯಿಂದ ಶುರುವಾಗುವ ಸಾಲನ್ನು ಎಡಿಟರ್ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಪ್ರತಿ ಸೆಟ್ಟಿಂಗ್ ಮೇಲೆ ಅಂಥದೊಂದು ಸಾಲು ಹಾಕಿ, ‘ಇದು ಯಾಕೆ’ ಎಂದು ಕನ್ನಡದಲ್ಲೋ ಉರ್ದುವಿನಲ್ಲೋ ಬರೆದಿಡುವುದು ಒಳ್ಳೆಯ ರೂಢಿ. ಕಾರಣ ಬರೆಯಲಾಗದಿದ್ದರೆ ಆ ಸೆಟ್ಟಿಂಗ್ ಸದ್ಯಕ್ಕೆ ಬೇಡ. ಒಂದೊಂದನ್ನು ಸೇರಿಸಿದಾಗಲೂ ಎಡಿಟರನ್ನು ಮುಚ್ಚಿ ತೆರೆದು ನೋಡಬೇಕು. ಆವರಣ ಚಿಹ್ನೆಯೊಂದು ಮುಚ್ಚದೆ ಉಳಿದರೆ ದೂರು ಬರುತ್ತದೆ. ಗಾಬರಿ ಬೇಡ. ಈಮ್ಯಾಕ್ಸ್ ಹೆಸರಿನ ಮುಂದೆ ಅಡ್ಡಗೆರೆ, ದೊಡ್ಡ ಕ್ಯೂ ಅಕ್ಷರ ಸೇರಿಸಿ ಚಾಲೂ ಮಾಡಿದರೆ, ನಮ್ಮ ಕಡತವನ್ನು ಓದದೆಯೇ ಅದು ತೆರೆದುಕೊಳ್ಳುತ್ತದೆ. ಆಗ ಕೂತು ತಿದ್ದಬಹುದು.

ಇನ್ನೊಂದು ಮಾತು. ಒಂದು ಪ್ಯಾರಾ ಯಾವ ಕಡೆಯಿಂದ ಸಾಗಬೇಕೆಂಬುದನ್ನು ಈಮ್ಯಾಕ್ಸ್ ಅದರ ಮೊದಲ ಅಕ್ಷರ ನೋಡಿ ನಿರ್ಧರಿಸುತ್ತದೆ. ಕನ್ನಡ ಪ್ಯಾರಾಕ್ಕೆ ಅಂಟಿಕೊಂಡೇ ಅಮ್ಮಿಯ ಮಾತು ಬರೆದರೆ ಅದೂ ಎಡ ಅಂಚಿಗೇ ನಿಲ್ಲುತ್ತದೆ. ನಡುವೆ ಒಂದು ಖಾಲಿ ಸಾಲು ಬಿಟ್ಟರೆ ಉರ್ದು ಬಲಗಡೆಯಿಂದ ಹೊರಡುತ್ತದೆ, ಕನ್ನಡ ಎಡಗಡೆ ಇದ್ದಲ್ಲೇ ಇರುತ್ತದೆ. ಮಕ್ಕಳಿಗೆ ನಾವು ಮೊದಲು ತೋರಿಸಬೇಕಾದದ್ದು ಈ ಖಾಲಿ ಸಾಲನ್ನು.