ಮಾಮೂ ಮಾಡಿದ ಕೇಬಲ್

ಅರಭಾವಿಯಲ್ಲಿರುವ ನಮ್ಮ ಮಾಮೂಗೆ ಶುಗರ್‌ನಿಂದ ಕಣ್ಣು ಹೋಗಿ ಎರಡು ವರ್ಷವಾಯಿತು. ಮೊದಲು ಅವರು ಫೋನ್, ಇಂಟರ್‌ನೆಟ್ ಕೇಬಲ್ ಕೆಲಸ ಮಾಡುತ್ತಿದ್ದರು. “ಇನ್ನು ಆ ಕೆಲಸ ಬಿಡಿ” ಎಂದು ಮನೆಯವರೆಲ್ಲ ಅಂದರು. ನಾನೂ ಅಂದೆ.

ರಜೆಯಲ್ಲಿ ಅವರ ಮನೆಗೆ ಹೋದಾಗ ಬಣ್ಣ ಹೇಳಲು ಪಕ್ಕದಲ್ಲಿ ಕುಳಿತೆ. ಇಂಟರ್‌ನೆಟ್ ಕೇಬಲ್‌ನಲ್ಲಿ 8 ತಂತಿ. ಎರಡೆರಡು ಹೊಸೆದ 4 ಜೋಡಿ. “ಬಿಳಿ-ಕಿತ್ತಳೆ, ಕಿತ್ತಳೆ...” ಎಂದು ಶುರು ಮಾಡಿದೆ. ಮಾಮೂ ನಕ್ಕರು.

“ಬೇಟಾ, ಬಣ್ಣ ಇರೋದು ನಮ್ಮ ಅನುಕೂಲಕ್ಕೆ. ಕರೆಂಟಿಗೆ ಜೋಡಿ ಸರಿ ಇದ್ದರೆ ಸಾಕು.”

ಬೆರಳಲ್ಲೇ ಜೋಡಿ ಗುರುತಿಸಿ, ಒಂದನ್ನು 1-2ಕ್ಕೆ, ಇನ್ನೊಂದನ್ನು 3-6ಕ್ಕೆ, ಉಳಿದವನ್ನು 4-5 ಮತ್ತು 7-8ಕ್ಕೆ ಸೇರಿಸಿ ಪ್ಲಗ್ ಒತ್ತಿದರು. ಇನ್ನೊಂದು ತುದಿಗೆ ಬೀಪ್ ಮಾಡುವ ಮೀಟರ್. ಅದರ ಒಂದು ಮೊನೆಯನ್ನು ಪ್ಲಗ್‌ನ ಒಂದನೇ ಪಿನ್ನಿಗೆ ಇಟ್ಟು, ಇನ್ನೊಂದನ್ನು ತಂತಿಗಳಿಗೆ ಒಂದೊಂದಾಗಿ ತಾಗಿಸಿದರು. ಬೀಪ್ ಬಂದದ್ದೇ ಒಂದನೇ ತಂತಿ. ಹೀಗೆ ಎಂಟೂ ಸಿಕ್ಕವು.

ಆಮೇಲೆ ನಾನೂ ಕಣ್ಣಿಟ್ಟು ನೋಡಿ ಒಂದು ಕೇಬಲ್ ಮಾಡಿದೆ. ಅದು ನಡೆಯಲೇ ಇಲ್ಲ. 3 ಮತ್ತು 6 ಅದಲುಬದಲಾಗಿತ್ತು. ತಪ್ಪು ಹಿಡಿದವರು ಮಾಮೂ.

ಕೆಲಸ ಬಿಡಿ ಎಂದು ಈಗ ನಾನು ಹೇಳುವುದಿಲ್ಲ. ಅವರು ಕೇಬಲ್ ಮಾಡುತ್ತಾರೆ. ಕಾಮರ್ಸ್ ಓದುವ ನಾನು ಅವರ ಲೆಕ್ಕ ಬರೆಯುತ್ತೇನೆ.