ಬೇಲಿಯ ಮೇಲೆ ಬೆಂಕಿ ಹೂ

ಸಾಗರದಿಂದ ಹೊನ್ನಾವರಕ್ಕೆ ಹೊರಟ ಬಸ್ಸು ತಾಳಗುಪ್ಪ ದಾಟಿ, ಜೋಗದ ತಿರುವು ಬಿಟ್ಟು ಮಾವಿನಗುಂಡಿಗೆ ಬಂತೆಂದರೆ ಮುಂದೆಲ್ಲ ಇಳಿಜಾರು. ಮಲೆಮನೆ ಘಟ್ಟದ ತಿರುವುಗಳಲ್ಲಿ ಹೊಟ್ಟೆ ತೊಳಸುವವರು ಕಣ್ಣು ಮುಚ್ಚಿ ಕೂರುತ್ತಾರೆ. ಉಳಿದವರು ಕಿಟಕಿಗೆ ಅಂಟಿಕೊಂಡು, ಮರದ ಮೇಲೆಲ್ಲಾದರೂ ಸಿಂಗಳೀಕ ಕಂಡೀತೇ ಎಂದು ಹುಡುಕುತ್ತಾರೆ. ಸಿಂಗಳೀಕ ಕಾಣುವುದು ಅದೃಷ್ಟದ ಮಾತು. ಆದರೆ ಭಾದ್ರಪದದ ಆಸುಪಾಸಿನಲ್ಲಿ ಈ ದಾರಿಯಲ್ಲಿ ಹೋಗುವವರಿಗೆ ಒಂದು ನೋಟ ಸುಲಭವಾಗಿಯೇ ದಕ್ಕುತ್ತದೆ. ಗೇರುಸೊಪ್ಪೆ ಕಳೆದು ರಸ್ತೆ ಶರಾವತಿಯ ಜೊತೆಗೆ ಸಾಗತೊಡಗಿದ ಮೇಲೆ ತೋಟದ ಬೇಲಿಗಳನ್ನು ಗಮನಿಸಿ. ಮಳೆಗೆ ತೊಯ್ದ ಹಸಿರಿನ ನಡುವೆ ಅಲ್ಲಲ್ಲಿ ಪುಟ್ಟ ಬೆಂಕಿ ಹೊತ್ತಿಕೊಂಡಂತೆ ಕಾಣುವುದೇ ಅಗ್ನಿಶಿಖೆ.

ದಟ್ಟ ಕಾಡಿನೊಳಗೆ ಈ ಹೂವನ್ನು ಅರಸಬೇಕಿಲ್ಲ. ಕಾಡಿನ ಅಂಚು, ಗದ್ದೆಯ ಬದು, ಬೇಲಿ, ಪೊದೆ, ಹೀಗೆ ಬಿಸಿಲು ಬೀಳುವ, ನೀರು ನಿಲ್ಲದ ಜಾಗವೇ ಇದಕ್ಕೆ ಇಷ್ಟ. ಊರೂರಿಗೂ ಹೆಸರು ಬೇರೆ. ಗೌರಿ ಹಬ್ಬದ ಹೊತ್ತಿಗೆ ಅರಳುವುದರಿಂದ ಹಲವೆಡೆ ಗೌರಿ ಹೂ. ಮಲೆನಾಡಿನಲ್ಲಿ ಕೋಳಿಕುಟುಮ. ಗೋವೆಯ ಕಡೆ ಇದು ಹುಲಿಯ ಉಗುರು, ವಾಘನಖಿ. ಅಲ್ಲಿ ಚೌತಿಯ ದಿನ ಗಣಪತಿಯ ಮೇಲೆ ಕಟ್ಟುವ ಮಾಟೋಳಿಯಲ್ಲಿ ಕಾಡಿನ ಕಾಯಿ-ಹಣ್ಣುಗಳ ಜೊತೆ ಇದೂ ತೂಗುತ್ತದೆ. ಸಂಸ್ಕೃತದಲ್ಲಿ ಲಾಂಗಲಿ ಎಂಬ ಹೆಸರೂ ಉಂಟು. ಲಾಂಗಲ ಎಂದರೆ ನೇಗಿಲು. ಹೂವಿಗೂ ನೇಗಿಲಿಗೂ ಎಲ್ಲಿಯ ನಂಟು ಎನ್ನುತ್ತೀರಾ? ನಂಟು ಇರುವುದು ಮಣ್ಣಿನೊಳಗಿನ ಗೆಡ್ಡೆಗೆ. ಅದು ಎರಡು ತೋಳಿನದು, ನೇಗಿಲಿನಂತೆಯೇ ಬಾಗಿದ್ದು. ತೋಳಿನ ತುದಿಯಲ್ಲಿ ಮಾತ್ರ ಮೊಳಕೆಯ ಕಣ್ಣು. ತುದಿ ಮುರಿದರೆ ಆ ತೋಳು ಚಿಗುರುವುದಿಲ್ಲ.

ಸಸ್ಯಶಾಸ್ತ್ರದ ಪಾಠ ಓದುತ್ತಿರುವ ಮಕ್ಕಳು ಜೊತೆಗಿದ್ದರೆ ಬೇಲಿಯ ಬಳಿ ಹತ್ತು ನಿಮಿಷ ನಿಲ್ಲುವುದು ಒಳ್ಳೆಯದು. ಮೊದಲು ನೋಡಬೇಕಾದದ್ದು ಎಲೆ. ಸೌತೆ, ಹಾಗಲದ ಬಳ್ಳಿಗಳಿಗೆ ಹಿಡಿದುಕೊಳ್ಳಲು ಎಲೆಯ ಬುಡದ ಬಳಿ ಬೇರೆಯೇ ಕುಡಿಬಳ್ಳಿ ಇರುತ್ತದೆ. ಅಗ್ನಿಶಿಖೆಗೆ ಅದಿಲ್ಲ. ಎಲೆಯ ತುದಿಯೇ ಸಪೂರಾಗಿ ಉದ್ದಕ್ಕೆ ಬೆಳೆದು, ಸಿಕ್ಕಿದ ಕಡ್ಡಿಗೆ ಸುರುಳಿ ಸುತ್ತಿಕೊಳ್ಳುತ್ತದೆ. ಕೆಳಗಿನ ಎಲೆಗಳಲ್ಲಿ ಹುಡುಕಿದರೆ ಈ ಸುರುಳಿ ಕಾಣದು; ಬಳ್ಳಿ ಎತ್ತರಕ್ಕೆ ಹೋಗಿ ಆಸರೆ ಬೇಕಾದಾಗಲಷ್ಟೇ ಎಲೆಗೆ ಕೈ ಬರುತ್ತದೆ. ಹತ್ತುವ ಸಸ್ಯಗಳ ಬಗ್ಗೆ ಚಾರ್ಲ್ಸ್ ಡಾರ್ವಿನ್ 1865ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಕುಲದ ಗಿಡವೂ ಸೇರಿದೆ. ಇನ್ನು, ಎಲೆಯ ನರಗಳು ಹುಲ್ಲಿನಂತೆ ಸಮಾನಾಂತರವಾಗಿ ಓಡುವುದರಿಂದ ಇದು ಏಕದಳ ಸಸ್ಯವೆಂದು ಪುಸ್ತಕ ತೆರೆಯದೆಯೇ ಹೇಳಬಹುದು.

ಹೂವಿನದು ಇನ್ನೂ ಸೊಗಸಾದ ಲೆಕ್ಕ. ಉದ್ದ ತೊಟ್ಟಿನ ತುದಿಯಲ್ಲಿ ಮೊಗ್ಗು ತಲೆ ತಗ್ಗಿಸಿ ನಿಂತಿರುತ್ತದೆ. ಅರಳುವಾಗ ಆರು ಎಸಳುಗಳೂ ಹಿಂದಕ್ಕೆ ಮಡಚಿ ಮೇಲ್ಮುಖವಾಗುತ್ತವೆ, ಅಂಚೆಲ್ಲ ಅಲೆಅಲೆ. ಮೊದಲು ಹಸಿರು ಮಿಶ್ರಿತ ಹಳದಿ, ಆಮೇಲೆ ಬುಡ ಹಳದಿ, ತುದಿ ಕೆಂಪು, ಕೊನೆಗೆ ಪೂರ್ತಿ ಕಡುಗೆಂಪು. ಒಂದೇ ಬಳ್ಳಿಯಲ್ಲಿ ಈ ಎಲ್ಲ ಬಣ್ಣಗಳು ಒಟ್ಟಿಗೆ ಕಾಣುವುದರಿಂದ ಬೇರೆ ಬೇರೆ ಜಾತಿಯ ಹೂಗಳೆಂದು ಭ್ರಮಿಸುವವರೂ ಇದ್ದಾರೆ. ಎಸಳು ಮೇಲಕ್ಕೆ ಹೋದರೆ ಆರು ಕೇಸರಗಳು ಕೊಡೆಯ ಕಡ್ಡಿಗಳಂತೆ ಸುತ್ತಲೂ ಚಾಚುತ್ತವೆ. ಶಲಾಕೆಯನ್ನು ನೋಡಿ, ಅದು ಅಂಡಾಶಯದ ತುದಿಯಲ್ಲಿ ಹುಟ್ಟಿದ ಕೂಡಲೇ ಸುಮಾರು ಸಮಕೋನದಲ್ಲಿ ಬಾಗಿ ಒಂದು ಬದಿಗೆ ಹೊರಟುಬಿಡುತ್ತದೆ. ಹೀಗಾಗಿ ತನ್ನ ಪರಾಗ ತನಗೇ ತಾಗುವ ಸಂಭವ ಕಡಿಮೆ. ಮಕರಂದಕ್ಕೆ ಬರುವ ಚಿಟ್ಟೆ ಅಥವಾ ಸೂರಕ್ಕಿ ಒಂದು ಹೂವಿನ ಪರಾಗವನ್ನು ಮತ್ತೊಂದಕ್ಕೆ ಮುಟ್ಟಿಸಬೇಕು. ಅವು ಬಾರದಿದ್ದರೆ ಕಾಯಿ ಕಟ್ಟುವುದು ಕಷ್ಟ.

ಇದು ನಮ್ಮ ನೆಲದ್ದು ಮಾತ್ರವಲ್ಲ, ಆಫ್ರಿಕದ ಉಷ್ಣವಲಯಕ್ಕೂ ಸೇರಿದ್ದು. ಜಿಂಬಾಬ್ವೆಯ ರಾಷ್ಟ್ರೀಯ ಹೂ ಇದೇ. ಆ ದೇಶ ದಕ್ಷಿಣ ರೊಡೇಷಿಯಾ ಆಗಿದ್ದ ಕಾಲದಲ್ಲಿ, 1947ರಲ್ಲಿ, ಅಲ್ಲಿನ ಶಾಲಾ ಮಕ್ಕಳು ರಾಜಕುಮಾರಿ ಎಲಿಜಬೆತ್‌ಗೆ ಇದೇ ಆಕಾರದ ವಜ್ರದ ಪದಕವನ್ನು ಕಾಣಿಕೆಯಾಗಿ ಕೊಟ್ಟಿದ್ದರು. ತಮಿಳುನಾಡಿಗೆ ಇದು ರಾಜ್ಯದ ಹೂ, ಸಂಗಂ ಕಾವ್ಯದ ಕಾಂದಳ್. ಹದಿನೇಳನೇ ಶತಮಾನದ ಕೊನೆಯಲ್ಲಿ ಹೊರಬಂದ ಹೋರ್ಟಸ್ ಮಲಬಾರಿಕಸ್ ಗ್ರಂಥದಲ್ಲಿ ಇದರ ಚಿತ್ರ ಮಲಯಾಳದ ಮೇಂದೋನ್ನಿ ಎಂಬ ಹೆಸರಿನಲ್ಲಿದೆ. 1753ರಲ್ಲಿ ಲಿನೇಯಸ್ ಕೊಟ್ಟ ಹೆಸರು ಗ್ಲೋರಿಯೋಸ ಸುಪರ್ಬ. ವೈಭವ, ಭವ್ಯ, ಎರಡೂ ಹೊಗಳಿಕೆಯ ಮಾತೇ!

ಗೇರುಸೊಪ್ಪೆಯ ಕಡೆಯ ಒಂದು ಮನೆಯ ಮುಂದೆ ಬೇಲಿಯಲ್ಲಿ ಹೂ ಕೊಯ್ಯುತ್ತಿದ್ದ ಹುಡುಗನಿಗೆ ಜಗಲಿಯಿಂದ ಅಜ್ಜಿ ಕೂಗಿ ಹೇಳುತ್ತಿದ್ದದ್ದು ಕಿವಿಗೆ ಬಿತ್ತು. "ತಮಾ, ಹೂ ಕೊಯ್ಯಿ ಸಾಕು, ಗೆಡ್ಡೆ ಮುಟ್ಟಡ. ಕೈ ತೊಳ್ಕಂಡು ಒಳಗೆ ಬಾ."

"ಹೂಂ ಅಜ್ಜೀ" ಎಂದ ಹುಡುಗನಿಗೆ ಕಾರಣ ಗೊತ್ತಿತ್ತೋ ಇಲ್ಲವೋ. ಪೇಟೆಯಲ್ಲಿ ಬೆಳೆಯುವ ಮಕ್ಕಳಿಗಂತೂ ಹೀಗೆ ಹೇಳುವ ಅಜ್ಜಿಯಿಲ್ಲ. ಆದ್ದರಿಂದ ಹೆತ್ತವರು ತಿಳಿದಿರಲೇಬೇಕು: ಈ ಗಿಡದ ಎಲ್ಲ ಭಾಗವೂ ವಿಷ. ಗೆಡ್ಡೆ ಮತ್ತು ಬೀಜಗಳಲ್ಲಂತೂ ತೀವ್ರ ವಿಷ. ಗೆಡ್ಡೆಯನ್ನು ಗೆಣಸೆಂದು ಬೇಯಿಸಿ ತಿಂದು ಪ್ರಾಣಕ್ಕೇ ಕುತ್ತು ತಂದುಕೊಂಡ ಪ್ರಕರಣಗಳು ನಮ್ಮ ದೇಶದಲ್ಲೂ ಶ್ರೀಲಂಕಾದಲ್ಲೂ ವೈದ್ಯಕೀಯ ದಾಖಲೆಗಳಲ್ಲಿವೆ. ತಿಂದ ಕೆಲವು ಗಂಟೆ ಏನೂ ಆಗದಂತಿರುವುದೇ ಮೋಸ. ಆಮೇಲೆ ವಾಂತಿ-ಭೇದಿ ಶುರುವಾಗುತ್ತದೆ. ದಿನ ಕಳೆದಂತೆ ಮೂತ್ರಪಿಂಡ, ಹೃದಯ, ರಕ್ತ ಎಲ್ಲಕ್ಕೂ ಪೆಟ್ಟು. ಬದುಕಿ ಉಳಿದವರ ತಲೆಗೂದಲು ಒಂದೆರಡು ವಾರದ ನಂತರ ಉದುರುವುದುಂಟು. ಮಗು ತಿಂದಿದೆಯೆಂದು ಅನುಮಾನ ಬಂದರೂ ಸಾಕು, ವಾಂತಿಗೆ ಕಾಯದೆ, ಮನೆಮದ್ದು ಮಾಡದೆ, ಗಿಡದ ತುಂಡೊಂದನ್ನು ಚೀಲದಲ್ಲಿ ಹಾಕಿಕೊಂಡು ನೇರ ಆಸ್ಪತ್ರೆಗೆ ಓಡಬೇಕು.

ಈ ವಿಷದ ಹೆಸರು ಕಾಲ್ಚಿಸಿನ್. ಪಿಯುಸಿಯಲ್ಲಿ ಕೋಶವಿಭಜನೆ ಓದಿದವರಿಗೆ ಇದರ ಕೆಲಸ ಬೇಗ ಅರ್ಥವಾದೀತು. ಕೋಶ ಒಡೆಯುವಾಗ ವರ್ಣತಂತುಗಳನ್ನು ಎರಡು ಬದಿಗೆ ಎಳೆಯುವ ಕದಿರಿನ ಎಳೆಗಳು ಕಟ್ಟದಂತೆ ಇದು ತಡೆಯುತ್ತದೆ. ಎರಡಾಗಿದ್ದ ವರ್ಣತಂತುಗಳು ಬೇರ್ಪಡದೆ ಒಂದೇ ಕೋಶದಲ್ಲಿ ಉಳಿದುಬಿಡುತ್ತವೆ. ಮನುಷ್ಯನಿಗೆ ಮಾರಕವಾದ ಇದೇ ಗುಣವನ್ನು ಸಸ್ಯತಳಿ ವಿಜ್ಞಾನಿಗಳು 1937ರಿಂದ ಬಳಸಿಕೊಂಡರು. ಬೀಜವಿಲ್ಲದ ಕಲ್ಲಂಗಡಿಗೆ ಬೇಕಾದ ತಾಯಿಗಿಡವನ್ನು ಪಡೆದದ್ದು ವರ್ಣತಂತುಗಳನ್ನು ಹೀಗೆ ಇಮ್ಮಡಿಗೊಳಿಸಿಯೇ. ಗೌಟ್ ಎಂಬ ಕೀಲುಬೇನೆಗೆ ವೈದ್ಯರು ಅತಿ ಸಣ್ಣ ಪ್ರಮಾಣದಲ್ಲಿ ಕೊಡುವ ಮಾತ್ರೆಯೂ ಇದೇ ಕಾಲ್ಚಿಸಿನ್. 2023ರಲ್ಲಿ ಅಮೆರಿಕ ಹೃದ್ರೋಗಿಗಳಿಗೂ ಇದನ್ನು ಒಪ್ಪಿತು.

ಔಷಧಿಗೆ ಬೇಡಿಕೆ ಬಂದಮೇಲೆ ಕಾಡಿನ ಗಿಡಕ್ಕೆ ಕಷ್ಟ ಬಾರದಿದ್ದೀತೆ? ಹಲವೆಡೆ ಗೆಡ್ಡೆ ಅಗೆದು ಅಗೆದು ಬಳ್ಳಿ ವಿರಳವಾಗಿದೆ. ಹೂ ಕೊಯ್ದರೆ ಬಳ್ಳಿ ಉಳಿಯುತ್ತದೆ, ಗೆಡ್ಡೆ ಕಿತ್ತರೆ ವಂಶವೇ ಹೋಗುತ್ತದೆ. ತಮಿಳುನಾಡಿನ ಧಾರಾಪುರಂ, ವೇದಾರಣ್ಯಂ ಕಡೆಯ ರೈತರು ಇದನ್ನು ಕಣ್ವಲಿ ಎಂದು ಕರೆದು ಚಪ್ಪರ ಹಾಕಿ ಬೆಳೆಯುತ್ತಾರೆ. ಮಾರುವುದು ಬೀಜವನ್ನು. ಚಿಟ್ಟೆಗಳನ್ನು ನಂಬಿದರೆ ಫಸಲು ಸಾಲದೆಂದು ಬೆಳಗಿನ ಹೊತ್ತು ಕೂಲಿಯವರು ಹೂವಿಂದ ಹೂವಿಗೆ ಕೈಯಾರೆ ಪರಾಗ ಮುಟ್ಟಿಸುತ್ತಾರೆ. ಆ ಬಾಗಿದ ಶಲಾಕೆಯ ಬೆಲೆ ಅವರಿಗೆ ಗೊತ್ತು. ನಮ್ಮ ಕಡೆ ಬಳ್ಳಿಗೆ ಎದುರಾಗಿರುವ ಕಂಟಕ ಬೇರೆ. ಹಸಿರು ಬೇಲಿ ಹೋಗಿ ಕಲ್ಲಿನ ಕಂಪೌಂಡು ಬರುತ್ತಿದೆ, ಉಳಿದ ಅಂಚಿಗೆ ಕಳೆನಾಶಕ ಬೀಳುತ್ತಿದೆ.

ನೋಡಬೇಕೆನ್ನುವವರು ಆಗಸ್ಟ್ ನಡುವಿನಿಂದ ಸೆಪ್ಟೆಂಬರ್ ಕೊನೆಯೊಳಗೆ ಹೋಗಬೇಕು. ಬೆಳಗ್ಗೆ ಬೇಗ ಸಾಗರ ಬಿಟ್ಟರೆ ಜೋಗ ನೋಡಿಕೊಂಡು ಮಧ್ಯಾಹ್ನದ ಹೊತ್ತಿಗೆ ಗೇರುಸೊಪ್ಪೆಯಲ್ಲಿರಬಹುದು. ಒಂದು ಭೂತಗನ್ನಡಿ, ಒಂದು ಕೊಡೆ ಜೊತೆಗಿರಲಿ. ಮಳೆ ನಿಂತ ಮೇಲೆ ಹೋದವರಿಗೆ ಸಿಗುವುದು ಒಣಗಿದ ಬಳ್ಳಿ, ಮೂರು ಹೋಳಾಗಿ ಬಿರಿದ ಕಾಯಿ, ಅದರೊಳಗೆ ಸಾಲಾಗಿ ಕುಳಿತ ಕೆಂಪು ಬೀಜ. ಪುಟ್ಟ ಮಕ್ಕಳ ಕಣ್ಣಿಗೆ ಅವು ಮಿಠಾಯಿಯಂತೆ ಕಾಣುತ್ತವೆ. ಆಗ ಮಾತ್ರ ಅವರ ಕೈ ಬಿಡಬೇಡಿ.